ಮುಟ್ಟಿನ ನೋವು, ಮಗುವಿನ ಆಸೆ: ಎಂಡೊಮೆಟ್ರಿಯೋಸಿಸ್ ಅಂದರೇನು, ಅದಕ್ಕೂ ಬಸಿರಿಗೂ ಏನು ಸಂಬಂಧ?

ಎಂಡೊಮೆಟ್ರಿಯೋಸಿಸ್ ಎಂಬ ಹೆಸರನ್ನು ನಮ್ಮ ಎಷ್ಟೋ ಹೆಣ್ಣುಮಕ್ಕಳು ಮೊದಲ ಸಲ ಕೇಳುವುದು ಮಕ್ಕಳಾಗಲಿಲ್ಲ ಎಂದು ಆಸ್ಪತ್ರೆಗೆ ಹೋದಾಗ. ಅಷ್ಟು ಹೊತ್ತಿಗೆ ನೋವು ಶುರುವಾಗಿ ವರ್ಷಗಳೇ ಆಗಿರುತ್ತವೆ. ಹೈಸ್ಕೂಲಿನಲ್ಲಿದ್ದಾಗಲೇ ತಿಂಗಳಿಗೆ ಎರಡು ದಿನ ಹಾಸಿಗೆ ಬಿಟ್ಟು ಏಳಲು ಆಗದೆ, ಮೊಣಕಾಲು ಎದೆಗೆ ಒತ್ತಿಕೊಂಡು ಮಲಗಿದ ಹುಡುಗಿ ಅವಳು. "ಅಮ್ಮಾ, ಈ ಸಲ ತಡೆಯೋಕೇ ಆಗ್ತಿಲ್ಲ" ಅಂದರೆ, "ನಮಗೇನು ಬರ್ತಿರ್ಲಿಲ್ವಾ? ಮದುವೆಯಾಗಿ ಒಂದು ಮಗು ಆದ್ರೆ ಎಲ್ಲ ಸರಿಹೋಗುತ್ತೆ ಬಿಡೇ" ಎಂಬ ಉತ್ತರ. ಅಮ್ಮನನ್ನು ದೂರುವಂತಿಲ್ಲ. ಅವರಿಗೆ ಅವರಮ್ಮ ಹೇಳಿದ್ದೂ ಅದನ್ನೇ. ಆದರೆ ಮಗು ಆದರೆ ಸರಿಹೋಗುತ್ತೆ ಎಂದು ತಳ್ಳಿಹಾಕಿದ ನೋವೇ ಮಗು ಆಗಲು ಅಡ್ಡಿಯಾಗಿ ನಿಂತಿರಬಹುದು. ಇದು ಎಷ್ಟೋ ಮನೆಗಳಲ್ಲಿ ಗೊತ್ತಾಗುವುದು ತಡವಾಗಿ.

ಇದು ಅಪರೂಪದ ಕಾಯಿಲೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಮುಟ್ಟಾಗುವ ವಯಸ್ಸಿನ ಪ್ರತಿ 10 ಹೆಣ್ಣುಮಕ್ಕಳಲ್ಲಿ ಸುಮಾರು ಒಬ್ಬರಿಗೆ, ಅಂದರೆ ಜಗತ್ತಿನಲ್ಲಿ ಸುಮಾರು 19 ಕೋಟಿ ಜನರಿಗೆ ಇದೆ. ನೋವು ಶುರುವಾದ ದಿನದಿಂದ ಕಾಯಿಲೆಗೆ ಹೆಸರು ಸಿಗುವವರೆಗೆ 4ರಿಂದ 12 ವರ್ಷ ಹಿಡಿಯುವುದು ಮುಂದುವರಿದ ದೇಶಗಳಲ್ಲೂ ಮಾಮೂಲಿ. ಪಿಸಿಒಡಿ ಬಗ್ಗೆ ಇವತ್ತು ಕಾಲೇಜು ಹುಡುಗಿಯರಿಗೂ ಗೊತ್ತು. ಇದರ ಬಗ್ಗೆ ಅಷ್ಟು ಮಾತಿಲ್ಲ.

ಈ ಕಾಯಿಲೆಯ ವಿಷಯದಲ್ಲಿ ಎಲ್ಲಕ್ಕಿಂತ ಮೊದಲು ತಿಳಿದಿರಬೇಕಾದ ಒಂದು ಸಂಗತಿ ಇದೆ. ನೋವಿಗೆ ಕೊಡುವ ಚಿಕಿತ್ಸೆ ಬೇರೆ, ಮಗುವಿಗಾಗಿ ಕೊಡುವ ಚಿಕಿತ್ಸೆ ಬೇರೆ. ಬಹಳ ಸಲ ಇವೆರಡೂ ಒಂದಕ್ಕೊಂದು ಎದುರು ದಿಕ್ಕಿಗೆ ಹೋಗುತ್ತವೆ. ಈ ಲೇಖನದ ಉಳಿದ ಮಾತೆಲ್ಲ ಕೊನೆಗೆ ಅಲ್ಲಿಗೇ ಬಂದು ಸೇರುತ್ತದೆ.

ಒಳಗೆ ಏನಾಗುತ್ತದೆ

ಗರ್ಭಕೋಶದ ಒಳಗೋಡೆಗೆ ಒಂದು ಮೆತ್ತನೆಯ ಪದರ ಇರುತ್ತದೆ. ಪ್ರತಿ ತಿಂಗಳು ಅದು ದಪ್ಪಗಾಗುತ್ತದೆ, ಬಸಿರು ನಿಲ್ಲದಿದ್ದರೆ ಕಳಚಿ ರಕ್ತದ ಜೊತೆ ಹೊರಗೆ ಬರುತ್ತದೆ. ಅದೇ ಮುಟ್ಟು. ಎಂಡೊಮೆಟ್ರಿಯೋಸಿಸ್ ಇರುವವರಲ್ಲಿ ಈ ಪದರವನ್ನು ಹೋಲುವ ಅಂಗಾಂಶ ಗರ್ಭಕೋಶದ ಹೊರಗೂ ಬೆಳೆದಿರುತ್ತದೆ. ಅಂಡಾಶಯದ ಮೇಲೆ, ಅಲ್ಲಿಂದ ಗರ್ಭಕೋಶಕ್ಕೆ ಅಂಡಾಣು ಸಾಗುವ ಟ್ಯೂಬುಗಳ ಮೇಲೆ, ಗರ್ಭಕೋಶದ ಹಿಂದೆ ಕರುಳಿಗೂ ಅದಕ್ಕೂ ನಡುವಿನ ಸಂದಿಯಲ್ಲಿ, ಕೆಲವೊಮ್ಮೆ ಮೂತ್ರಚೀಲದ ಮೇಲೆ, ಕರುಳಿನ ಗೋಡೆಯಲ್ಲಿ. ಸಿಸೇರಿಯನ್ ಹೊಲಿಗೆಯ ಜಾಗದಲ್ಲೂ ಬರಬಹುದು. ಹೊಲಿಗೆ ಹಾಕಿದ ಕಡೆ ಗಂಟಾಗಿ, ಅದು ಪ್ರತಿ ಮುಟ್ಟಿನಲ್ಲೂ ಊದಿ ನೋಯುತ್ತಿದ್ದರೆ ಡಾಕ್ಟರಿಗೆ ಹೇಳಲೇಬೇಕು.

ಈ ಅಂಗಾಂಶವೂ ಈಸ್ಟ್ರೊಜನ್ ಹಾರ್ಮೋನಿನ ಮಾತು ಕೇಳುತ್ತದೆ. ಗರ್ಭಕೋಶದೊಳಗೆ ಪದರ ಬೆಳೆದಾಗ ಇದೂ ಬೆಳೆಯುತ್ತದೆ, ಅಲ್ಲಿ ರಕ್ತ ಸುರಿದಾಗ ಇಲ್ಲೂ ಸುರಿಯುತ್ತದೆ. ಆದರೆ ಇಲ್ಲಿಂದ ಹೊರಹೋಗಲು ದಾರಿಯಿಲ್ಲ. ಸುತ್ತಲಿನ ಜಾಗ ಕೆಂಪೇರಿ ಊದುತ್ತದೆ, ಮಾಯುತ್ತದೆ, ಮುಂದಿನ ತಿಂಗಳು ಮತ್ತೆ ಊದುತ್ತದೆ. ಹೀಗೆ ಮಾಯ್ದು ಮಾಯ್ದು ಗಾಯದ ನಾರು ಬೆಳೆದು ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹಲಸಿನ ಮೇಣ ಹತ್ತಿದ ಬೆರಳುಗಳ ಹಾಗೆ, ಬಿಡಿಬಿಡಿಯಾಗಿ ಆಡಬೇಕಾದ ಗರ್ಭಕೋಶ, ಅಂಡಾಶಯ, ಕರುಳು ಒಂದೇ ಮುದ್ದೆಯಾಗುತ್ತವೆ. ಅಂಡಾಶಯದೊಳಗೆ ಹಳೆಯ ರಕ್ತ ತುಂಬಿ ಗಡ್ಡೆಯಾದರೆ ಅದರ ಬಣ್ಣದಿಂದಾಗಿ ಅದನ್ನು ಚಾಕೊಲೇಟ್ ಸಿಸ್ಟ್ ಎನ್ನುತ್ತಾರೆ.

ಇದು ಏಕೆ ಬರುತ್ತದೆ? ಅಮೆರಿಕದ ಆಲ್ಬನಿಯಲ್ಲಿದ್ದ ಸ್ತ್ರೀರೋಗ ತಜ್ಞ ಜಾನ್ ಸ್ಯಾಂಪ್ಸನ್ 1927ರಲ್ಲಿ ಒಂದು ವಿವರಣೆ ಕೊಟ್ಟರು. ಮುಟ್ಟಿನ ರಕ್ತದಲ್ಲಿ ಸ್ವಲ್ಪ ಭಾಗ ಟ್ಯೂಬುಗಳ ಮೂಲಕ ಹಿಂದಕ್ಕೆ ಹರಿದು ಹೊಟ್ಟೆಯೊಳಗೆ ಬೀಳುತ್ತದೆ, ಅದರಲ್ಲಿರುವ ಜೀವಕೋಶಗಳು ಅಲ್ಲೇ ಬೇರೂರುತ್ತವೆ ಎಂದು. ಇಂದಿಗೂ ಹೆಚ್ಚು ಒಪ್ಪಿಗೆ ಇರುವುದು ಇದಕ್ಕೇ. ಆದರೆ ಟ್ಯೂಬ್ ತೆರೆದಿರುವ ಸುಮಾರು 90% ಹೆಂಗಸರಲ್ಲಿ ಹೀಗೆ ಹಿಂದಕ್ಕೆ ಹರಿಯುತ್ತದೆ ಎಂದು ಆಮೇಲೆ ಗೊತ್ತಾಯಿತು. ಕಾಯಿಲೆ ಬರುವುದು ಮಾತ್ರ ಹತ್ತರಲ್ಲಿ ಒಬ್ಬರಿಗೆ. ಹಾಗಾಗಿ ರೋಗನಿರೋಧಕ ಶಕ್ತಿಯ ವ್ಯತ್ಯಾಸ, ಹಾರ್ಮೋನು, ವಂಶವಾಹಿ ಎಲ್ಲವೂ ಸೇರಿರಬೇಕು. ಅವಳಿಗಳ ಮೇಲೆ ನಡೆದ ಅಧ್ಯಯನಗಳ ಪ್ರಕಾರ ಸುಮಾರು ಅರ್ಧದಷ್ಟು ಪಾಲು ವಂಶದಿಂದ ಬರುತ್ತದೆ. ತಾಯಿಗೋ ಅಕ್ಕನಿಗೋ ಇದ್ದರೆ ನಿಮಗೂ ಬರುವ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ. ನಮ್ಮ ದೇಶದ ಹೆಂಗಸರಲ್ಲಿ ಇದರ ಲಕ್ಷಣ, ಇದರ ವಂಶವಾಹಿ ಹೇಗಿದೆ ಎಂದು ತಿಳಿಯಲು ಮುಂಬೈನಲ್ಲಿರುವ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ಪ್ರಜನನ ಆರೋಗ್ಯ ಸಂಶೋಧನಾ ಸಂಸ್ಥೆ ಹಲವು ಆಸ್ಪತ್ರೆಗಳನ್ನು ಸೇರಿಸಿಕೊಂಡು ಅಧ್ಯಯನ ಕೈಗೊಂಡಿದೆ.

ನೀವು ಏನೋ ತಿಂದದ್ದರಿಂದ, ಭಾರ ಎತ್ತಿದ್ದರಿಂದ, ಮದುವೆ ತಡ ಮಾಡಿದ್ದರಿಂದ ಇದು ಬಂತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸುಮ್ನೆ ಹೆಣ್ಣಿನ ತಲೆಗೆ ಕಟ್ಟುವ ಮಾತುಗಳವು.

ಯಾವ ನೋವು ಮಾಮೂಲಿ ಅಲ್ಲ

ಮುಟ್ಟಿನ ಮೊದಲ ದಿನ ಸ್ವಲ್ಪ ಹೊಟ್ಟೆನೋವು, ಸೊಂಟನೋವು ಬಹಳಷ್ಟು ಜನರಿಗೆ ಇರುತ್ತದೆ. ಬಿಸಿನೀರಿನ ಚೀಲ ಇಟ್ಟುಕೊಂಡರೆ, ಒಂದು ಮಾತ್ರೆ ನುಂಗಿದರೆ, ಜೀರಿಗೆ ಕಷಾಯ ಕುಡಿದು ಮಲಗಿದರೆ ಹೋಗುತ್ತದೆ. ಆದರೆ ಮಾತ್ರೆಗೂ ಜಗ್ಗದ ನೋವು, ಶಾಲೆ ಅಥವಾ ಕೆಲಸ ತಪ್ಪಿಸುವ ನೋವು, ವರ್ಷ ಕಳೆದಂತೆ ಏರುತ್ತಾ ಹೋಗುವ ನೋವು, ಮುಟ್ಟಿಗೆ ಎರಡು ಮೂರು ದಿನ ಮೊದಲೇ ಶುರುವಾಗುವ ನೋವು ಮಾಮೂಲಿ ಅಲ್ಲ. ಮುಟ್ಟಿನ ದಿನಗಳಲ್ಲಿ ಕಕ್ಕಸಿಗೆ ಕೂತಾಗ ಚುಚ್ಚಿದಂತಾಗುವುದು, ಮೂತ್ರ ಮಾಡುವಾಗ ನೋಯುವುದು, ಹೊಟ್ಟೆ ಉಬ್ಬರಿಸಿ ಕಲ್ಲಿನಂತಾಗುವುದು ಕೂಡ ಲಕ್ಷಣಗಳೇ. ಗಂಡನ ಜೊತೆ ಸೇರುವಾಗ ಒಳಗೆ ಆಳದಲ್ಲಿ ನೋವಾಗುವುದು ಇನ್ನೊಂದು. ಇದನ್ನು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಡಾಕ್ಟರೂ ಎಷ್ಟೋ ಸಲ ಕೇಳುವುದಿಲ್ಲ. ಹೇಳಿ. ಕಾಯಿಲೆ ಎಲ್ಲಿದೆ ಎಂಬುದಕ್ಕೆ ಅದು ದೊಡ್ಡ ಸುಳಿವು.

ಏನೂ ನೋವಿಲ್ಲದೆ ಮಕ್ಕಳಾಗುತ್ತಿಲ್ಲ ಎಂದು ಪರೀಕ್ಷೆ ಮಾಡಿಸಿದಾಗ ಮಾತ್ರ ಗೊತ್ತಾಗುವವರೂ ಇದ್ದಾರೆ. ನೋವು ಎಷ್ಟಿದೆ ಎಂಬುದಕ್ಕೂ ಕಾಯಿಲೆ ಎಷ್ಟು ಹರಡಿದೆ ಎಂಬುದಕ್ಕೂ ನೇರ ಸಂಬಂಧ ಇಲ್ಲ. ಸಾಸಿವೆ ಗಾತ್ರದ ಕಲೆಗಳು ನಾಲ್ಕೇ ಇದ್ದರೂ ನೋವಿನಿಂದ ಒದ್ದಾಡುವವರಿದ್ದಾರೆ. ದೊಡ್ಡ ಚಾಕೊಲೇಟ್ ಸಿಸ್ಟ್ ಇಟ್ಟುಕೊಂಡು ಆರಾಮಾಗಿ ಓಡಾಡುವವರೂ ಇದ್ದಾರೆ.

ಬಸಿರಿಗೆ ಎಲ್ಲಿ ಅಡ್ಡಿಯಾಗುತ್ತದೆ

ಮೊದಲು ಅಂಕಿ ನೋಡೋಣ. ಯಾವ ತೊಂದರೆಯೂ ಇಲ್ಲದ ದಂಪತಿಗೆ ಒಂದು ತಿಂಗಳಲ್ಲಿ ಬಸಿರು ನಿಲ್ಲುವ ಸಾಧ್ಯತೆ 15ರಿಂದ 20%. ಎಂಡೊಮೆಟ್ರಿಯೋಸಿಸ್ ಇದ್ದು, ಚಿಕಿತ್ಸೆ ಇಲ್ಲದಿದ್ದರೆ ಅದು 2ರಿಂದ 10%. ಈ ಕಾಯಿಲೆ ಇರುವವರಲ್ಲಿ 30ರಿಂದ 50% ಜನರಿಗೆ ಮಕ್ಕಳಾಗುವುದು ಕಷ್ಟವಾಗುತ್ತದೆ.

ಈ ಅಂಕಿಯನ್ನು ಎರಡೂ ಕಡೆಯಿಂದ ಓದಬೇಕು. ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಜನರಿಗೆ ಅಂಥ ತೊಂದರೆ ಆಗುವುದಿಲ್ಲ. ತೊಂದರೆ ಇರುವವರಲ್ಲೂ ಬಹುಪಾಲು ಜನರ ಕತೆ 'ಆಗುವುದೇ ಇಲ್ಲ' ಎಂದಲ್ಲ, 'ಬೇಗ ಆಗುವುದಿಲ್ಲ' ಎಂದು. ರಿಪೋರ್ಟಿನಲ್ಲಿ ಈ ಹೆಸರು ಕಂಡ ಕೂಡಲೇ ಮನೆಯವರು ಬಂಜೆ ಎಂಬ ಮಾತೆತ್ತುವುದು ಕ್ರೂರ ಅಷ್ಟೇ ಅಲ್ಲ, ಸುಳ್ಳು ಕೂಡ.

ಅಡ್ಡಿ ಬರುವ ದಾರಿಗಳು ಹಲವು. ಸುಲಭಕ್ಕೆ ಅರ್ಥವಾಗುವುದು ಅಂಟಿನದು. ಪ್ರತಿ ತಿಂಗಳು ಅಂಡಾಶಯದಿಂದ ಒಂದು ಅಂಡಾಣು ಹೊರಬರುತ್ತದೆ. ಟ್ಯೂಬಿನ ತುದಿಯಲ್ಲಿ ಬೆರಳಿನಂಥ ಝಾಲರಿಗಳಿವೆ. ಅವು ಅಂಡಾಶಯದ ಮೇಲೆ ಸವರಿ ಆ ಅಂಡಾಣುವನ್ನು ಎತ್ತಿಕೊಳ್ಳಬೇಕು. ಅಂಟು ಹಿಡಿದು ಟ್ಯೂಬ್ ಬಾಗಿದ್ದರೆ, ಅಂಡಾಶಯ ಗರ್ಭಕೋಶದ ಹಿಂದೆ ಸಿಕ್ಕಿಕೊಂಡಿದ್ದರೆ, ಅಂಡಾಣು ಬಂದರೂ ಎತ್ತಿಕೊಳ್ಳಲು ಆಗುವುದಿಲ್ಲ. ಟ್ಯೂಬ್ ಪೂರ್ತಿ ಮುಚ್ಚಿಹೋಗಿರಬೇಕೆಂದೇನಿಲ್ಲ. ಟ್ಯೂಬ್ ಟೆಸ್ಟಿನಲ್ಲಿ 'ಎರಡೂ ಓಪನ್' ಎಂದು ಬಂದರೂ ಅದು ಆಡುವ ಸ್ಥಿತಿಯಲ್ಲಿ ಇಲ್ಲದಿರಬಹುದು.

ಆದರೆ ಅಂಟು ಇಲ್ಲದ, ಅಲ್ಲಲ್ಲಿ ಸಣ್ಣ ಕಲೆಗಳಷ್ಟೇ ಇರುವ ಹೆಂಗಸರಿಗೂ ಬಸಿರು ತಡವಾಗುತ್ತದೆ. ಅದಕ್ಕೆ ಕಾರಣ ಹೊಟ್ಟೆಯೊಳಗಿನ ಉರಿಯೂತ. ಅಂಡಾಶಯ, ಟ್ಯೂಬುಗಳ ಸುತ್ತ ಇರುವ ದ್ರವದಲ್ಲಿ ರೋಗನಿರೋಧಕ ಕೋಶಗಳು, ಅವು ಸುರಿಸುವ ರಾಸಾಯನಿಕಗಳು ಜಾಸ್ತಿಯಾಗಿರುತ್ತವೆ. ವೀರ್ಯಾಣುವಿನ ಓಟಕ್ಕೆ, ಅಂಡಾಣುವಿಗೆ, ಅವೆರಡರ ಕೂಡುವಿಕೆಗೆ ಅದು ಒಳ್ಳೆಯ ಜಾಗವಲ್ಲ. ಗರ್ಭಕೋಶದ ಒಳಪದರವೂ ಪ್ರೊಜೆಸ್ಟರಾನ್ ಹಾರ್ಮೋನಿಗೆ ಸರಿಯಾಗಿ ಸ್ಪಂದಿಸದೆ ಹೋಗಬಹುದು. ಆಗ ಭ್ರೂಣ ಅಂಟಿ ನಿಲ್ಲುವುದು ಕಷ್ಟ.

ಮೂರನೆಯದು ಅಂಡಾಶಯದ ದಾಸ್ತಾನು. ಹೆಣ್ಣು ಹುಟ್ಟುವಾಗಲೇ ಅವಳ ಬದುಕಿಡೀ ಬೇಕಾದ ಅಂಡಾಣುಗಳು ಅವಳೊಳಗೆ ಇರುತ್ತವೆ. ಹೊಸದಾಗಿ ಸೇರುವುದಿಲ್ಲ, ಖರ್ಚಾಗುತ್ತಾ ಹೋಗುತ್ತವೆ. ಚಾಕೊಲೇಟ್ ಸಿಸ್ಟ್ ಸುತ್ತಲಿನ ಒಳ್ಳೆಯ ಭಾಗವನ್ನು ಹಾಳುಮಾಡಿ ಈ ಖರ್ಚನ್ನು ಬೇಗ ಮಾಡಿಸುತ್ತದೆ. ಮತ್ತೆ, ಸೇರುವಾಗ ನೋವಾಗುತ್ತದೆ ಎಂದು ದಂಪತಿ ದೂರ ದೂರ ಇರುವುದೂ ಒಂದು ಕಾರಣ. ಇಷ್ಟು ಸರಳ ಕಾರಣ ಯಾವ ರಿಪೋರ್ಟಿನಲ್ಲೂ ಕಾಣುವುದಿಲ್ಲ.

ರಿಪೋರ್ಟ್ ಓದುವುದು ಹೇಗೆ

ಹಿಂದೆಲ್ಲ ಹೊಟ್ಟೆಗೆ ತೂತು ಮಾಡಿ ಕ್ಯಾಮೆರಾ ಹಾಕಿ ನೋಡಿದರೆ ಮಾತ್ರ ಖಚಿತ ಎನ್ನುತ್ತಿದ್ದರು. ಈಗ ಹಾಗಿಲ್ಲ. ಯುರೋಪಿನ ಪ್ರಜನನ ತಜ್ಞರ ಸಂಸ್ಥೆ ಎಶ್ರೆ 2022ರಲ್ಲಿ ಕೊಟ್ಟ ಮಾರ್ಗಸೂಚಿ, ಕೇವಲ ಕಾಯಿಲೆ ಪತ್ತೆಗೆಂದು ಲ್ಯಾಪ್ರೊಸ್ಕೋಪಿಗೆ ಓಡಬೇಕಾಗಿಲ್ಲ, ಲಕ್ಷಣ ಕೇಳಿ, ಸ್ಕ್ಯಾನ್ ನೋಡಿ ಚಿಕಿತ್ಸೆ ಶುರುಮಾಡಬಹುದು ಎನ್ನುತ್ತದೆ. ಇದು ದೊಡ್ಡ ಬದಲಾವಣೆ.

ಒಂದು ಸ್ಕ್ಯಾನಿಂಗ್ ರಿಪೋರ್ಟ್ ಕೈಗೆ ತೆಗೆದುಕೊಳ್ಳಿ. 'ರೈಟ್ ಓವರಿ, ಗ್ರೌಂಡ್ ಗ್ಲಾಸ್ ಎಕೋಸ್, 4.2 ಸೆಂ.ಮೀ.' ಎಂದಿದ್ದರೆ ಬಲ ಅಂಡಾಶಯದಲ್ಲಿ ಮಸುಕಾದ ಗಾಜಿನಂತೆ ಕಾಣುವ ದ್ರವ ತುಂಬಿದ ಗಡ್ಡೆ ಇದೆ ಎಂದರ್ಥ. ಚಾಕೊಲೇಟ್ ಸಿಸ್ಟ್ ಸಾಮಾನ್ಯವಾಗಿ ಹೀಗೇ ಕಾಣುತ್ತದೆ. 'ಕಿಸ್ಸಿಂಗ್ ಓವರೀಸ್' ಎಂದಿದ್ದರೆ ಎರಡೂ ಅಂಡಾಶಯಗಳು ಗರ್ಭಕೋಶದ ಹಿಂದೆ ಒಂದಕ್ಕೊಂದು ಅಂಟಿಕೊಂಡಿವೆ. 'ಸ್ಲೈಡಿಂಗ್ ಸೈನ್ ನೆಗೆಟಿವ್' ಎಂದರೆ ಜಾರಬೇಕಾದ ಗರ್ಭಕೋಶ ಮತ್ತು ಕರುಳು ಜಾರುತ್ತಿಲ್ಲ, ಅಲ್ಲಿ ಅಂಟು ಹಿಡಿದಿದೆ. 'ಎಎಫ್‌ಸಿ' ಮುಂದಿರುವ ಅಂಕಿ ಆ ತಿಂಗಳು ಅಂಡಾಶಯದಲ್ಲಿ ಕಾಣುವ, ಅಂಡಾಣು ಬೆಳೆಯುವ ಸಣ್ಣ ಚೀಲಗಳ ಎಣಿಕೆ. ರಕ್ತಪರೀಕ್ಷೆಯಲ್ಲಿ ಸಿಗುವ ಎಎಂಎಚ್ ಎಂಬ ಹಾರ್ಮೋನಿನ ಅಂಕಿಯ ಜೊತೆ ಇಟ್ಟು ನೋಡಿದರೆ ದಾಸ್ತಾನು ಎಷ್ಟಿದೆ ಎಂಬ ಅಂದಾಜು ಸಿಗುತ್ತದೆ. ಎಎಂಎಚ್ ಕಡಿಮೆ ಎಂದರೆ ಸಹಜವಾಗಿ ಬಸಿರಾಗುವುದಿಲ್ಲ ಎಂದಲ್ಲ. ಅಂಡಾಣುವನ್ನು ಹೊರಗೆ ತೆಗೆದು ವೀರ್ಯದೊಡನೆ ಕೂಡಿಸುವ ಐವಿಎಫ್ ಚಿಕಿತ್ಸೆಯ ಇಂಜೆಕ್ಷನ್ ಕೊಟ್ಟಾಗ ಎಷ್ಟು ಅಂಡಾಣು ಸಿಗಬಹುದು ಎಂಬುದಕ್ಕೆ ಅದು ದಿಕ್ಸೂಚಿ. ಕಾಯಲು ನಿಮಗೆ ಸಮಯ ಇದೆಯೇ ಎಂಬುದನ್ನು ಅದು ವಯಸ್ಸಿನ ಜೊತೆ ಸೇರಿ ಹೇಳುತ್ತದೆ.

ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣಲಿಲ್ಲ ಎಂದರೆ ಕಾಯಿಲೆ ಇಲ್ಲ ಎಂದು ತೀರ್ಮಾನಿಸಬೇಡಿ. ಚರ್ಮದಷ್ಟು ತೆಳುವಾಗಿ ಹರಡಿದ ಕಲೆಗಳು ಸ್ಕ್ಯಾನ್‌ಗೂ ಎಂಆರ್‌ಐಗೂ ಕಾಣದಿರಬಹುದು. ನಮ್ಮಲ್ಲಿ ಇನ್ನೊಂದು ತೊಡಕಿದೆ. ಸರಿಯಾಗಿ ಕಾಣುವುದು ಯೋನಿಯ ಮೂಲಕ ಮಾಡುವ ಸ್ಕ್ಯಾನ್‌ನಲ್ಲಿ. ಮದುವೆಯಾಗದ ಹುಡುಗಿಯರಿಗೆ ಅದನ್ನು ಮಾಡುವುದಿಲ್ಲ, ಹೊಟ್ಟೆಯ ಮೇಲಿಂದ ನೋಡಿ 'ನಾರ್ಮಲ್' ಎಂದು ಬರೆದು ಕಳಿಸುತ್ತಾರೆ. ಅಂಥವರಿಗೆ ಎಂಆರ್‌ಐ ಮಾಡಿಸಬಹುದು, ಅಥವಾ ಲಕ್ಷಣದ ಮೇಲೇ ಔಷಧಿ ಶುರುಮಾಡಬಹುದು. ಮದುವೆ ಆದಮೇಲೆ ನೋಡೋಣ ಎಂದು ಮುಂದೂಡುವ ಅಗತ್ಯ ಇಲ್ಲ.

ಸಿಎ-125 ಎಂಬ ರಕ್ತಪರೀಕ್ಷೆಯ ಅಂಕಿ ನೋಡಿ ಕ್ಯಾನ್ಸರ್ ಎಂದು ಹೆದರಿಕೊಂಡು ಬರುವವರು ಬಹಳ. ಎಂಡೊಮೆಟ್ರಿಯೋಸಿಸ್‌ನಲ್ಲಿ ಅದು ಏರುವುದು ಸಾಮಾನ್ಯ. ಈ ಕಾಯಿಲೆಯ ಪತ್ತೆಗೆ ಅದನ್ನು ಬಳಸಬೇಡಿ ಎಂದೇ ಎಶ್ರೆ ಹೇಳುತ್ತದೆ. ಅಂಡಾಶಯದ ಕ್ಯಾನ್ಸರಿನ ಸಾಧ್ಯತೆ ತುಸು ಹೆಚ್ಚುವುದು ನಿಜ, ಆದರೂ ಒಟ್ಟು ಲೆಕ್ಕದಲ್ಲಿ ಅದು ತೀರಾ ಕಡಿಮೆ. ನಮ್ಮ ದೇಶದಲ್ಲಿ ಜನನಾಂಗದ ಕ್ಷಯವೂ ಮಕ್ಕಳಾಗದಿರಲು ಒಂದು ಕಾರಣ. ಅದರ ಲಕ್ಷಣ, ಅಂಟು ಇದನ್ನೇ ಹೋಲಬಹುದು. ಡಾಕ್ಟರಿಗೆ ಅನುಮಾನ ಬಂದರೆ ಅದನ್ನೂ ಪರೀಕ್ಷಿಸುತ್ತಾರೆ.

ಸ್ಟೇಜ್ ಬಗ್ಗೆಯೂ ಒಂದು ಮಾತು. ಲ್ಯಾಪ್ರೊಸ್ಕೋಪಿ ಆದಮೇಲೆ 1ರಿಂದ 4ರವರೆಗೆ ಸ್ಟೇಜ್ ಬರೆಯುತ್ತಾರೆ. ಕ್ಯಾನ್ಸರಿನ ಸ್ಟೇಜ್‌ಗೂ ಇದಕ್ಕೂ ಸಂಬಂಧವಿಲ್ಲ. ಒಳಗೆ ಎಷ್ಟು ಹರಡಿದೆ ಎಂದಷ್ಟೇ ಅದು ಹೇಳುತ್ತದೆ. ಬಸಿರಾಗುವ ಸಾಧ್ಯತೆ ಅಂದಾಜು ಮಾಡಲು 2010ರಲ್ಲಿ ಬಂದ ಎಂಡೊಮೆಟ್ರಿಯೋಸಿಸ್ ಫರ್ಟಿಲಿಟಿ ಇಂಡೆಕ್ಸ್ ಹೆಚ್ಚು ಉಪಯೋಗಿ. ವಯಸ್ಸು, ಎಷ್ಟು ವರ್ಷದಿಂದ ಪ್ರಯತ್ನ, ಹಿಂದೆ ಬಸಿರಾಗಿತ್ತೇ, ಟ್ಯೂಬು ಮತ್ತು ಅಂಡಾಶಯ ಹೇಗಿವೆ ಎಂಬುದನ್ನೆಲ್ಲ ಸೇರಿಸಿ 10ಕ್ಕೆ ಅಂಕ ಕೊಡುತ್ತಾರೆ. ಆಪರೇಷನ್ ಆಗಿದ್ದರೆ ನಿಮ್ಮ ಅಂಕ ಎಷ್ಟು ಎಂದು ಕೇಳಿ ತಿಳಿದುಕೊಳ್ಳಿ.

ನೋವಿನ ಔಷಧಿ, ಮಗುವಿನ ಔಷಧಿ

ಈಗ ಮೊದಲು ಹೇಳಿದ ಮಾತಿಗೆ ಬರೋಣ. ಎಂಡೊಮೆಟ್ರಿಯೋಸಿಸ್ ನೋವಿಗೆ ಕೊಡುವ ಹಾರ್ಮೋನ್ ಔಷಧಿಗಳೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಮಾಡುವ ಕೆಲಸ ಒಂದೇ: ತಿಂಗಳ ಚಕ್ರವನ್ನು ತಣ್ಣಗಾಗಿಸುವುದು. ನಮ್ಮಲ್ಲಿ ಹೆಚ್ಚು ಬರೆದುಕೊಡುವುದು ಡೈನೊಜೆಸ್ಟ್, ದಿನಕ್ಕೆ 2 ಮಿ.ಗ್ರಾಂ. ಗರ್ಭನಿರೋಧಕ ಮಾತ್ರೆಗಳು, ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನ, ಕೆಲವು ತಿಂಗಳ ಮಟ್ಟಿಗೆ ಮುಟ್ಟನ್ನೇ ನಿಲ್ಲಿಸುವ ಇಂಜೆಕ್ಷನ್‌ಗಳೂ ಇವೆ. ನೋವು ಇಳಿಯುತ್ತದೆ, ರಕ್ತ ಕಡಿಮೆಯಾಗುತ್ತದೆ. ಎಷ್ಟೋ ಹುಡುಗಿಯರಿಗೆ ಬದುಕು ಮರಳಿ ಸಿಗುತ್ತದೆ. ಆದರೆ ಈ ಔಷಧಿ ತೆಗೆದುಕೊಳ್ಳುತ್ತಿರುವಾಗ ಅಂಡಾಣು ಬಿಡುಗಡೆಯಾಗುವುದೇ ನಿಲ್ಲುತ್ತದೆ ಅಥವಾ ಕಡಿಮೆಯಾಗುತ್ತದೆ. ಬಸಿರು ಹೇಗೆ ನಿಂತೀತು?

ಆದ್ದರಿಂದ 'ಮೊದಲು ಆರು ತಿಂಗಳು ಈ ಮಾತ್ರೆ ತಗೊಂಡು ಕಾಯಿಲೆ ಒಣಗಿಸಿ, ಆಮೇಲೆ ಮಗುವಿಗೆ ಪ್ರಯತ್ನಿಸಿ' ಎಂಬ ಸಲಹೆಯನ್ನು ಎಚ್ಚರದಿಂದ ಕೇಳಬೇಕು. ಹಾರ್ಮೋನ್ ಕೊಟ್ಟು ಚಕ್ರ ನಿಲ್ಲಿಸಿದರೆ ಆಮೇಲೆ ಸಹಜ ಬಸಿರಿನ ಸಾಧ್ಯತೆ ಹೆಚ್ಚುವುದಿಲ್ಲ, ಬಸಿರು ಬೇಕೆಂದಿರುವವರಿಗೆ ಆ ಕಾರಣಕ್ಕಾಗಿ ಅದನ್ನು ಕೊಡಬಾರದು ಎಂದು ಎಶ್ರೆ ಮಾರ್ಗಸೂಚಿ ಸ್ಪಷ್ಟವಾಗಿ ಹೇಳಿದೆ. 24 ವರ್ಷದವಳಿಗೆ ಆರು ತಿಂಗಳು ಹೋದರೆ ಚಿಂತೆಯಿಲ್ಲ. 37 ವರ್ಷದವಳಿಗೆ, ಎಎಂಎಚ್ ಕಡಿಮೆ ಇರುವವಳಿಗೆ ಆ ಆರು ತಿಂಗಳು ಬಹಳ ದುಬಾರಿ.

ಇತ್ತ ಮಗುವಿನ ಯೋಚನೆ ಇನ್ನೂ ಇಲ್ಲದ ಹುಡುಗಿಗೆ 'ಹಾರ್ಮೋನ್ ಮಾತ್ರೆ ತಿಂದರೆ ಮುಂದೆ ಮಕ್ಕಳಾಗಲ್ಲ' ಎಂದು ಹೆದರಿಸುವುದೂ ತಪ್ಪು. ನಿಲ್ಲಿಸಿದ ಮೇಲೆ ಚಕ್ರ ಮರಳುತ್ತದೆ. ಡೈನೊಜೆಸ್ಟ್ ಬಿಟ್ಟರೆ ಸಾಮಾನ್ಯವಾಗಿ ಕೆಲವು ವಾರಗಳಲ್ಲೇ ಅಂಡಾಣು ಬಿಡುಗಡೆ ಶುರುವಾಗುತ್ತದೆ. ಅವಳಿಗೆ ಈಗ ಬೇಕಿರುವುದು ನೋವಿಲ್ಲದ ಕಾಲೇಜು ದಿನಗಳು. ಅದು ಅವಳ ಹಕ್ಕು.

ಡಾಕ್ಟರ ಎದುರು ಕೂತಾಗ 'ನನಗೆ ಈಗ ಮಗು ಬೇಕು' ಅಥವಾ 'ಇನ್ನು ಮೂರು ವರ್ಷ ಬೇಡ, ನೋವು ಹೋದರೆ ಸಾಕು' ಎಂದು ನೇರವಾಗಿ ಹೇಳಬೇಕು. ಅದನ್ನು ಹೇಳಬೇಕಾದವಳು ಆ ಹೆಣ್ಣೇ, ಅತ್ತೆಯೋ ಅಮ್ಮನೋ ಅಲ್ಲ. ಚೀಟಿಯಲ್ಲಿ ಏನು ಬರೆಯಬೇಕು ಎಂಬುದು ಆ ಒಂದು ವಾಕ್ಯದ ಮೇಲೆ ನಿಂತಿದೆ.

ಆಪರೇಷನ್ ಮಾಡಿಸಬೇಕಾ?

ಸಣ್ಣ ಪ್ರಮಾಣದ ಕಾಯಿಲೆಯಲ್ಲಿ ಆಪರೇಷನ್ ಉಪಯೋಗಕ್ಕೆ ಬರುತ್ತದೆಯೇ ಎಂದು ಕೆನಡಾದಲ್ಲಿ ಒಂದು ದೊಡ್ಡ ಪರೀಕ್ಷೆ ನಡೆಯಿತು. 1997ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಮಕ್ಕಳಾಗದ 341 ಹೆಂಗಸರಿದ್ದರು. ಕೆಲವರಿಗೆ ಲ್ಯಾಪ್ರೊಸ್ಕೋಪಿಯಲ್ಲಿ ಕಲೆಗಳನ್ನು ಸುಟ್ಟು ಅಥವಾ ಕತ್ತರಿಸಿ ತೆಗೆದರು. ಉಳಿದವರಿಗೆ ಬರೀ ನೋಡಿ ಬಿಟ್ಟರು. 36 ವಾರಗಳ ನಂತರ ನೋಡಿದರೆ ಮೊದಲ ಗುಂಪಿನಲ್ಲಿ 30.7%, ಎರಡನೆಯದರಲ್ಲಿ 17.7% ಜನರಿಗೆ ಬಸಿರು ನಿಂತು 20 ವಾರ ದಾಟಿತ್ತು. ಅಂದರೆ ಉಪಯೋಗ ಇದೆ. ಎರಡು ವರ್ಷದ ಬಳಿಕ ಇಟಲಿಯಲ್ಲಿ ನಡೆದ ಚಿಕ್ಕ ಅಧ್ಯಯನದಲ್ಲಿ ಅಂಥ ಲಾಭ ಕಾಣಲಿಲ್ಲ. ಎರಡನ್ನೂ ಸೇರಿಸಿ ನೋಡಿ, ಸಹಜ ಬಸಿರಿಗೆ ಕಾಯಬಲ್ಲ ಚಿಕ್ಕ ವಯಸ್ಸಿನವರಿಗೆ ಇದನ್ನು ಒಂದು ಆಯ್ಕೆಯಾಗಿ ತಜ್ಞರು ಮುಂದಿಡುತ್ತಾರೆ.

ಚಾಕೊಲೇಟ್ ಸಿಸ್ಟ್ ವಿಷಯ ಇದಕ್ಕಿಂತ ಸೂಕ್ಷ್ಮ. ಗಡ್ಡೆ ಅಂದ ಕೂಡಲೇ ತೆಗೆಸಿಬಿಡೋಣ ಅನ್ನಿಸುವುದು ಸಹಜ, ಅಲ್ವಾ? ಆದರೆ ಆಪರೇಷನ್ ಥಿಯೇಟರಿನಲ್ಲಿ ನಡೆಯುವುದು ಇದು. ಸಿಸ್ಟನ್ನು ತೆರೆದು, ಗಟ್ಟಿಯಾದ ಹಳೆಯ ರಕ್ತವನ್ನು ಹೀರಿ ತೆಗೆದು, ಅದರ ಗೋಡೆಯನ್ನು ಅಂಡಾಶಯದಿಂದ ಸುಲಿಯುತ್ತಾರೆ. ಎರಡಕ್ಕೂ ನಡುವೆ ಸ್ಪಷ್ಟ ಗೆರೆ ಇರುವುದಿಲ್ಲ. ಗೋಡೆಯ ಜೊತೆ ಅಂಡಾಣು ಇರುವ ಒಳ್ಳೆಯ ಭಾಗವೂ ಸ್ವಲ್ಪ ಕಿತ್ತುಬರುತ್ತದೆ. ರಕ್ತ ನಿಲ್ಲಿಸಲು ಸುಟ್ಟರೆ ಇನ್ನಷ್ಟು ಹೋಗುತ್ತದೆ. ಆಪರೇಷನ್ ಆದಮೇಲೆ ಎಎಂಎಚ್ ಇಳಿಯುವುದು ಇದರಿಂದಲೇ. ಎರಡೂ ಕಡೆ ಸಿಸ್ಟ್ ಇದ್ದು ಎರಡನ್ನೂ ತೆಗೆದರೆ ಇಳಿತ ಹೆಚ್ಚು. ಎರಡನೇ ಸಲ ಆಪರೇಷನ್ ಆದರೆ ಇನ್ನೂ ಹೆಚ್ಚು. ಇಷ್ಟಾಗಿಯೂ ಆಪರೇಷನ್ ನಂತರ ಔಷಧಿ ತೆಗೆದುಕೊಳ್ಳದಿದ್ದರೆ ಐದು ವರ್ಷದಲ್ಲಿ 40ರಿಂದ 50% ಜನರಿಗೆ ಕಾಯಿಲೆ ಮರಳುತ್ತದೆ.

ಹಾಗಂತ ಆಪರೇಷನ್ ಬೇಡವೇ ಬೇಡ ಎಂದಲ್ಲ. ತಡೆಯಲಾಗದ ನೋವಿದ್ದರೆ, ಗಡ್ಡೆಯ ಸ್ವರೂಪದ ಬಗ್ಗೆ ಅನುಮಾನವಿದ್ದರೆ, ಕರುಳನ್ನೋ ಮೂತ್ರನಾಳವನ್ನೋ ಕಾಯಿಲೆ ಒತ್ತುತ್ತಿದ್ದರೆ, ಐವಿಎಫ್‌ನಲ್ಲಿ ಅಂಡಾಣು ತೆಗೆಯಲು ಸೂಜಿಗೆ ದಾರಿಯೇ ಇಲ್ಲದಿದ್ದರೆ ಮಾಡಿಸಲೇಬೇಕಾಗುತ್ತದೆ. ಐವಿಎಫ್ ಫಲಿತಾಂಶ ಚೆನ್ನಾಗಿ ಬರಲಿ ಎಂಬ ಒಂದೇ ಕಾರಣಕ್ಕೆ ಮೊದಲು ಸಿಸ್ಟ್ ತೆಗೆಸುವುದು ಮಾತ್ರ ಈಗ ಒಪ್ಪಿತವಲ್ಲ. ಯಾರೇ ಆಪರೇಷನ್ ಹೇಳಿದರೂ ಮುಂಚೆ ಎಎಂಎಚ್ ಮಾಡಿಸಿ. ಅಂಡಾಣುಗಳನ್ನು ಮೊದಲೇ ತೆಗೆದು ಫ್ರೀಜ್ ಮಾಡಿಡುವ ಆಯ್ಕೆ ನನಗೆ ಹೊಂದುತ್ತದೆಯೇ ಎಂದು ಕೇಳಿ. ಇಂಥ ಕಾಯಿಲೆಯನ್ನು ಪದೇ ಪದೇ ಆಪರೇಟ್ ಮಾಡಿದ ಅನುಭವ ಇರುವವರ ಕೈಯಲ್ಲಿ ಒಂದೇ ಸಲ, ಸರಿಯಾಗಿ ಮಾಡಿಸಿಕೊಳ್ಳುವುದು ಒಳ್ಳೆಯದು. ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳಿದರೆ ಮೊದಲಿನವರಿಗೆ ಬೇಜಾರಾಗುತ್ತದೆ ಎಂಬ ಸಂಕೋಚ ಬೇಡ.

ಕಾಯುವುದು, ಐಯುಐ, ಐವಿಎಫ್

ಸಾಮಾನ್ಯವಾಗಿ 35ರೊಳಗಿನವರು ಒಂದು ವರ್ಷ, 35 ದಾಟಿದವರು ಆರು ತಿಂಗಳು ಪ್ರಯತ್ನಿಸಿ ಆಮೇಲೆ ಡಾಕ್ಟರನ್ನು ನೋಡಿ ಎನ್ನುತ್ತಾರೆ. ಎಂಡೊಮೆಟ್ರಿಯೋಸಿಸ್ ಇದೆ ಎಂದು ಗೊತ್ತಿದ್ದರೆ ಅಷ್ಟು ಕಾಯುವುದು ಬೇಡ, ಪ್ರಯತ್ನ ಶುರುಮಾಡುವ ಮೊದಲೇ ಒಮ್ಮೆ ಮಾತಾಡಿ ಬನ್ನಿ. ಆ ಮೊದಲ ಭೇಟಿಯಲ್ಲೇ ಗಂಡನ ವೀರ್ಯ ಪರೀಕ್ಷೆಯೂ ಆಗಬೇಕು. ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಿನ ಕಡೆಯಿಂದಲೂ ಏನಾದರೂ ಕಾರಣ ಇರುತ್ತದೆ. ಹೆಂಡತಿಯ ರಿಪೋರ್ಟಿನಲ್ಲಿ ಕಾಯಿಲೆಯ ಹೆಸರು ಸಿಕ್ಕಿತು ಎಂದು ಗಂಡನ ಪರೀಕ್ಷೆ ಬಿಟ್ಟು ಅವಳಿಗೆ ಮಾತ್ರ ವರ್ಷಗಟ್ಟಲೆ ಔಷಧಿ, ಆಪರೇಷನ್ ಮಾಡಿಸುವುದು ಅನ್ಯಾಯ. ಎರಡು ನಿಮಿಷದ ಪರೀಕ್ಷೆಗೆ ನಾಚಿಕೊಂಡು ಹೆಣ್ಣಿನ ಹೊಟ್ಟೆ ಕೊಯ್ಯಿಸುವುದನ್ನು ಯಾವ ಮರ್ಯಾದೆಯೂ ಸಮರ್ಥಿಸಲಾರದು.

ಕಾಯಿಲೆ ಕಡಿಮೆ ಇದ್ದು, ಟ್ಯೂಬ್ ತೆರೆದಿದ್ದರೆ ಅಂಡಾಣು ಬೆಳೆಯಲು ಔಷಧಿ ಕೊಟ್ಟು, ಶುದ್ಧ ಮಾಡಿದ ವೀರ್ಯವನ್ನು ಗರ್ಭಕೋಶದೊಳಗೆ ಬಿಡುವ ಐಯುಐ ಕೆಲವು ಸಲ ಪ್ರಯತ್ನಿಸಬಹುದು. ಟ್ಯೂಬ್ ಕೆಟ್ಟಿದ್ದರೆ, ವಯಸ್ಸಾಗಿದ್ದರೆ, ದಾಸ್ತಾನು ಕಡಿಮೆಯಿದ್ದರೆ, ವೀರ್ಯದ ತೊಂದರೆಯೂ ಇದ್ದರೆ ಐಯುಐನಲ್ಲಿ ತಿಂಗಳು ಕಳೆಯದೆ ಐವಿಎಫ್‌ಗೆ ಹೋಗುವುದೇ ಸರಿ. ಐವಿಎಫ್‌ನಲ್ಲಿ ಅಂಡಾಣುವನ್ನು ಸೂಜಿಯಿಂದ ನೇರ ತೆಗೆದು ಹೊರಗೆ ಕೂಡಿಸುವುದರಿಂದ ಕೆಟ್ಟ ಟ್ಯೂಬು, ಅಂಟು, ಹೊಟ್ಟೆಯೊಳಗಿನ ಉರಿಯೂತದ ದ್ರವ ಎಲ್ಲವನ್ನೂ ದಾಟಿಹೋದಂತಾಗುತ್ತದೆ. ತೀವ್ರ ಕಾಯಿಲೆಯಲ್ಲಿ ಸಿಗುವ ಅಂಡಾಣುಗಳ ಸಂಖ್ಯೆ ಕಡಿಮೆ. ಐವಿಎಫ್ ಇಂಜೆಕ್ಷನ್‌ಗಳಿಂದ ಕಾಯಿಲೆ ಭುಗಿಲೇಳುತ್ತದೆ ಎಂಬ ಭಯಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ.

ನಮ್ಮ ದೇಶದಲ್ಲಿ ಇದಕ್ಕೆ 2021ರ ಕಾಯ್ದೆ ಇದೆ. ಕ್ಲಿನಿಕ್ ನೋಂದಣಿ ಆಗಿರಲೇಬೇಕು. ಹೆಣ್ಣಿಗೆ 21ರಿಂದ 50, ಗಂಡಿಗೆ 21ರಿಂದ 55 ವರ್ಷದೊಳಗೆ ಮಾತ್ರ ಈ ಚಿಕಿತ್ಸೆ ಕೊಡಬಹುದು. ನೂರಕ್ಕೆ ನೂರು ಮಗು ಗ್ಯಾರಂಟಿ ಎಂದು ಬೋರ್ಡ್ ಹಾಕುವ ಜಾಗದಿಂದ ದೂರ ಇರಿ. ಯಾವ ಪ್ರಾಮಾಣಿಕ ಡಾಕ್ಟರೂ ಆ ಮಾತು ಕೊಡಲಾರರು. ನಿಮ್ಮ ವಯಸ್ಸಿನವರಲ್ಲಿ, ನಿಮ್ಮಷ್ಟೇ ಎಎಂಎಚ್ ಇರುವವರಲ್ಲಿ ಎಷ್ಟು ಜನರಿಗೆ ಜೀವಂತ ಮಗು ಆಗಿದೆ ಎಂದು ಕೇಳಿ. ಪಾಸಿಟಿವ್ ಬಂದವರ ಸಂಖ್ಯೆ ಬೇರೆ, ಮಗು ಎತ್ತಿಕೊಂಡು ಮನೆಗೆ ಹೋದವರ ಸಂಖ್ಯೆ ಬೇರೆ.

ಊಟದ ಬಗ್ಗೆ ಎಲ್ಲರೂ ಕೇಳುತ್ತಾರೆ. ಸೊಪ್ಪು, ತರಕಾರಿ, ಹಣ್ಣು, ಮೀನು ಜಾಸ್ತಿ, ಕರಿದದ್ದು ಕಡಿಮೆ ಮಾಡಿದರೆ ಮೈಗೆ ಒಳ್ಳೆಯದು, ಕೆಲವರಿಗೆ ಹೊಟ್ಟೆ ಉಬ್ಬರವೂ ಇಳಿಯುತ್ತದೆ. ಆದರೆ ಅಂಟನ್ನು ಬಿಡಿಸುವ, ಸಿಸ್ಟ್ ಕರಗಿಸುವ ಆಹಾರವೋ ಕಷಾಯವೋ ಇಲ್ಲ. ಹಾಗೆ ಹೇಳಿ ಮಾರುವವರಿಗೆ ಕೊಡುವ ಹಣಕ್ಕಿಂತ ಅದರಲ್ಲಿ ಕಳೆಯುವ ವರ್ಷಗಳೇ ದೊಡ್ಡ ನಷ್ಟ.

ಬಸಿರು ನಿಂತ ಮೇಲೆ

ಬಸಿರು ನಿಂತರೆ ಬಹಳಷ್ಟು ಜನ ಸುಖವಾಗಿ ಹೆರುತ್ತಾರೆ. ಟ್ಯೂಬಿನಲ್ಲೇ ಬಸಿರು ನಿಲ್ಲುವುದು, ಗರ್ಭಪಾತ, ಮಾಸು ಕೆಳಗೆ ಕೂರುವುದು, ಅವಧಿಗೆ ಮುಂಚೆ ಹೆರಿಗೆ ಇವೆಲ್ಲ ಬೇರೆಯವರಿಗಿಂತ ತುಸು ಜಾಸ್ತಿ ಕಾಣುತ್ತವೆ. ಹಾಗಾಗಿ ಬೇಗ ಒಂದು ಸ್ಕ್ಯಾನ್ ಮಾಡಿಸಿ, ಬಸಿರು ಸರಿಯಾದ ಜಾಗದಲ್ಲಿದೆಯೇ ನೋಡಿಕೊಳ್ಳಬೇಕು. ಹೆರಿಗೆ ಮಾಡಿಸುವ ಡಾಕ್ಟರಿಗೆ ಹಳೆಯ ಫೈಲು ತೋರಿಸಬೇಕು.

ಬಸಿರಿನಲ್ಲಿ, ಹಾಲೂಡಿಸುವಾಗ ಮುಟ್ಟು ಇರುವುದಿಲ್ಲವಾದ್ದರಿಂದ ಎಷ್ಟೋ ಜನರಿಗೆ ನೋವು ತಗ್ಗುತ್ತದೆ. ಮಗು ಆದರೆ ಸರಿಹೋಗುತ್ತೆ ಎಂಬ ಮಾತು ಹುಟ್ಟಿದ್ದು ಬಹುಶಃ ಇಲ್ಲಿಂದಲೇ. ಮುಟ್ಟು ಮರಳಿದಾಗ ನೋವೂ ಮರಳಬಹುದು. ಆಗ ಮುಂದಿನ ಮಗು ಯಾವಾಗ, ಬೇಕೋ ಬೇಡವೋ ಎಂಬುದನ್ನು ನೋಡಿಕೊಂಡು ನೋವಿನ ಔಷಧಿಗೆ ಮರಳಬೇಕು. ಡೈನೊಜೆಸ್ಟ್ ತೆಗೆದುಕೊಳ್ಳುತ್ತಿದ್ದೇನಲ್ಲ, ಬಸಿರಾಗಲ್ಲ ಎಂದು ನೆಚ್ಚಿಕೊಳ್ಳಬೇಡಿ. ಅದು ಗರ್ಭನಿರೋಧಕವೆಂದು ಅನುಮತಿ ಪಡೆದ ಮಾತ್ರೆಯಲ್ಲ, ಕಾಂಡೋಮಿನಂಥ ಬೇರೆ ಉಪಾಯ ಜೊತೆಗಿರಬೇಕು.

2025ರ ಅಕ್ಟೋಬರ್‌ನಲ್ಲಿ ಕರ್ನಾಟಕ ಸಚಿವ ಸಂಪುಟ ದುಡಿಯುವ ಹೆಣ್ಣುಮಕ್ಕಳಿಗೆ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆ ಕೊಡುವ ನೀತಿಗೆ ಒಪ್ಪಿಗೆ ಕೊಟ್ಟಿತು. ಒಳ್ಳೆಯದೇ. ಆ ರಜೆ ಪ್ರತಿ ತಿಂಗಳೂ ತಪ್ಪದೆ ಬೇಕಾಗುತ್ತಿದ್ದರೆ, ಅದೂ ಸಾಲದೆ ಮರುದಿನವೂ ಏಳಲಾಗದಿದ್ದರೆ, ಆ ರಜೆಯ ಒಂದು ದಿನವನ್ನು ಸ್ತ್ರೀರೋಗ ತಜ್ಞರ ಬಳಿ ಹೋಗಲು ಬಳಸಿ. ಹೋಗುವ ಮೊದಲು ಮೂರು ತಿಂಗಳ ಲೆಕ್ಕ ಒಂದು ಕಾಗದದಲ್ಲಿ ಬರೆದಿಡಿ: ನೋವು ಯಾವ ದಿನ ಶುರುವಾಯಿತು, ಎಲ್ಲೆಲ್ಲಿ ನೋಯಿತು, ಎಷ್ಟು ಮಾತ್ರೆ ನುಂಗಿದಿರಿ, ಯಾವ ಕೆಲಸ ತಪ್ಪಿತು. ಅಮ್ಮನಿಗೆ, ಅಕ್ಕ-ತಂಗಿಯರಿಗೆ, ಚಿಕ್ಕಮ್ಮಂದಿರಿಗೆ ಇಂಥ ನೋವಿತ್ತೇ, ಯಾರಿಗಾದರೂ ಗಡ್ಡೆಯ ಆಪರೇಷನ್ ಆಗಿತ್ತೇ ಎಂದು ಕೇಳಿ ಅದನ್ನೂ ಬರೆಯಿರಿ. ಮಗು ಬೇಕೇ, ಯಾವಾಗ ಎಂಬ ಉತ್ತರವನ್ನು ಕಾಗದದ ಮೊದಲ ಸಾಲಿನಲ್ಲೇ ಹಾಕಿ.